ಹನ್ನೊಂದರ ರೈಲು

ಸೋಮವಾರ ಕಟಿಂಗ್ ಶಾಪಿಗೆ ರಜೆ. ಅವತ್ತು ಸಂಜೆ ಐದಕ್ಕೆ ಯಜಮಾನರು ಷಟರನ್ನು ಅರ್ಧ ಮಾತ್ರ ಎತ್ತಿಡುತ್ತಿದ್ದರು. ಕೂದಲು ಕತ್ತರಿಸಿಕೊಳ್ಳಲು ಬಂದವರು ಅದನ್ನು ನೋಡಿ ಹಿಂದಿರುಗಬೇಕು, ಜಾಝ್ ಕೇಳಲು ಬಂದವರು ಬಗ್ಗಿ ಒಳಗೆ ಬರಬೇಕು. ಹಾಗೆ ಬಗ್ಗಿ ಬರುವವರು ಮೂರೇ ಜನ: ನಿವೃತ್ತರಾದ ಲೆಕ್ಕದ ಮೇಷ್ಟ್ರು, ಹಲ್ಲಿನ ಡಾಕ್ಟರಮ್ಮ ಮತ್ತು ಪ್ಲಂಬರ್. ತಿರುಗುವ ಕುರ್ಚಿಗಳೂ ಮೂರೇ ಇದ್ದುದರಿಂದ ಅಂಗಡಿಯ ಯಜಮಾನರೇ ಗಿರಾಕಿಗಳ ಬೆಂಚಿನ ಮೇಲೆ ಕೂರುತ್ತಿದ್ದರು.

ಹೋದ ಸೋಮವಾರದಿಂದ ಈಚೆಗೆ ಕೊಂಡದ್ದನ್ನು ಮಾತ್ರ ತರಬೇಕು ಎಂಬುದು ಅವರೊಳಗಿನ ನಿಯಮ. ರೆಕಾರ್ಡಾದರೂ ಸರಿ, ಸಿ.ಡಿ.ಯಾದರೂ ಸರಿ. ಸರದಿ ಬರುವ ತನಕ ಚೀಲದಿಂದ ಹೊರಗೆ ತೆಗೆಯುವಂತಿಲ್ಲ. ಒಂದು ತುಣುಕು ಹಾಕಿ, ಯಾಕೆ ಕೊಂಡೆ ಎಂದು ಹೇಳಬೇಕು. ಏನೂ ಕೊಳ್ಳದವರು ಎಲ್ಲರಿಗೂ ಚಹಾ ತರಬೇಕು.

"ಈ ವಾರ ನನ್ನದು ಸಿ.ಡಿ.," ಎಂದರು ಮೇಷ್ಟ್ರು.

"ಯಾವ ವಾರ ಅಲ್ಲ ಹೇಳಿ? ನಿಮಗೆ ಸೂಜಿಯ ಕರಕರ ಆಗಲ್ಲ," ಎಂದರು ಯಜಮಾನರು.

"ಮೂವತ್ತೈದು ವರ್ಷ ಸೀಮೆಸುಣ್ಣದ ಕರಕರ ಕೇಳಿದೀನಿ ಕಣಯ್ಯಾ. ಇನ್ನು ನನಗೆ ಶುದ್ಧವಾಗಿ ಕೇಳಿಸ್ಲಿ."

ಆ ವಾರ ಡಾಕ್ಟರಮ್ಮ ಊರಿನಲ್ಲಿರಲಿಲ್ಲ. ಯಜಮಾನರು ಪಿಯಾನೊದ್ದೊಂದು ರೆಕಾರ್ಡು ಹಾಕಿದರು. ಕೊನೆಗೆ ಪ್ಲಂಬರ್ ತನ್ನ ಚೀಲಕ್ಕೆ ಕೈ ಹಾಕಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದರಲ್ಲೂ ಕ್ಲಾರಿನೆಟ್ಟೇನಾ?" ಎಂದರು ಯಜಮಾನರು.

"ಇದೆ. ಎರಡನೇ ಬದೀಲಿ ಸ್ವಲ್ಪ."

"ಅಲ್ಲಪ್ಪ, ಪ್ರಪಂಚದಲ್ಲಿ ಟ್ರಂಪೆಟ್ ಇದೆ, ಪಿಯಾನೊ ಇದೆ. ನಿನಗೆ ಆ ಕರೀ ಕೊಳವೆ ಒಂದೇ ಕಾಣೋದಾ?"

"ಕೊಳವೆ ಜೋಡಿಸೋನಿಗೆ ಇನ್ನೇನು ಕಾಣತ್ತೆ ಯಜಮಾನ್ರೇ?" ಎಂದು ಅವನು ನಕ್ಕುಬಿಟ್ಟ.

ತಾನೂ ಒಂದು ಕಾಲಕ್ಕೆ ಕ್ಲಾರಿನೆಟ್ ಊದುತ್ತಿದ್ದೆ ಎಂದು ಈ ಒಂಬತ್ತು ವರ್ಷಗಳಲ್ಲಿ ಅವನು ಅವರ ಮುಂದೆ ಒಮ್ಮೆಯೂ ಹೇಳಿರಲಿಲ್ಲ.

ಅವನ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಹಿತ್ತಿಲಲ್ಲಿ ಒಂದು ತಂತಿ. ಹೆಂಡತಿ ಶಾಲೆಯೊಂದರ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಬಂದು, ಮನೆಯಲ್ಲಿ ನಾಲ್ವರಿಗೆ ಬೇಯಿಸುವಾಗ ಉಪ್ಪಿನ ಅಳತೆ ತಪ್ಪುತ್ತಿದ್ದಳು. ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕಿದ್ದಳು. ವಯಸ್ಸು ಇಪ್ಪತ್ತೆರಡಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅಜ್ಜಿ, ಅಂದರೆ ಪ್ಲಂಬರನ ತಾಯಿ, ಕೈಯಲ್ಲಾಗುವ ತನಕ ಬೀದಿಯವರ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿದವಳು. ಎಪ್ಪತ್ತೆಂಟರಲ್ಲೂ ಯಾರಾದರೂ ಸುಕ್ಕು ಅಂಗಿ ಹಾಕಿಕೊಂಡು ಎದುರಿಗೆ ಬಂದರೆ ಮೊದಲು ಅಂಗಿಯನ್ನು ನೋಡಿ, ಆಮೇಲೆ ಮುಖ ನೋಡುತ್ತಿದ್ದಳು.

ರೆಕಾರ್ಡುಗಳೆಲ್ಲ ಇದ್ದದ್ದು ಅವಳ ಮಂಚದ ಕೆಳಗೆ.

"ಮಂಚದ ಕೆಳಗೆ ನಾನೂರು ತಟ್ಟೆ," ಎಂದಳು ಅಜ್ಜಿ ಅವತ್ತು ಊಟಕ್ಕೆ ಕೂತಾಗ. "ಉಣ್ಣೋ ತಟ್ಟೆ ಮಾತ್ರ ಐದು. ಅದರಲ್ಲಿ ಒಂದರ ಅಂಚು ಹಾರಿದೆ, ಅದು ಯಾವಾಗಲೂ ನನ್ನ ಮುಂದೇನೇ ಬರತ್ತೆ."

"ಇವತ್ತು ನನ್ನ ಮುಂದೆ ಇದೆ ನೋಡಿ ಅತ್ತೆ," ಎಂದಳು ಸೊಸೆ.

"ಹಾಗಾದ್ರೆ ಎರಡನೇದರ ಅಂಚೂ ಹಾರಿಸಿದೀರ."

ಪ್ಲಂಬರ್ ಆಲೂಗಡ್ಡೆ ಹಿಸುಕುತ್ತ ಹೇಳಿದ: "ಮಂಚಕ್ಕೆ ಒಳ್ಳೇ ಆಧಾರ ಅಮ್ಮ. ಕಾಲು ಮುರಿದ್ರೂ ನೀನು ಬೀಳಲ್ಲ."

"ಬೀಳಲ್ಲ ಸರಿ. ಸತ್ತಾಗ ಹೊರಗೆ ತರೋಕೂ ಆಗಲ್ಲ."

ಎಲ್ಲರೂ ನಕ್ಕರು. ಆ ಮನೆಯಲ್ಲಿ ಆ ದಿನದವರೆಗೆ ಜಗಳವೆಂದರೆ ಇಷ್ಟೇ ಇತ್ತು.

ಮುಂದಿನ ಸೋಮವಾರ ಡಾಕ್ಟರಮ್ಮ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಚೀಲ ತೊಡೆಯ ಮೇಲಿತ್ತು.

"ಹಲ್ಲಿನ ಡಾಕ್ಟರುಗಳ ಸಮ್ಮೇಳನದಲ್ಲಿ ಏನು ಮಾತಾಡಿದ್ರೋ ನನಗೊಂದೂ ಗೊತ್ತಿಲ್ಲ," ಎಂದರು. "ಮಧ್ಯಾಹ್ನವೇ ತಪ್ಪಿಸಿಕೊಂಡು ಹೋದೆ. ಒಂದು ಗಲ್ಲಿ, ಗಲ್ಲಿ ಕೊನೇಲಿ ಒಂದು ಅಂಗಡಿ, ಅಂಗಡಿ ಮೂಲೇಲಿ ಒಂದು ಡಬ್ಬ, ಡಬ್ಬದ ತಳದಲ್ಲಿ ಇದು. ಇದರ ಬಗ್ಗೆ ಯಾರೂ ಎಲ್ಲೂ ಬರೆದಿಲ್ಲ. ನಮ್ಮ ಪ್ಲಂಬರಿಗೆ ಇಷ್ಟ ಆಗತ್ತೆ ಅಂತಲೇ ತಂದೆ. ಪೂರ್ತಿ ಕ್ಲಾರಿನೆಟ್ಟೇ."

ರೆಕಾರ್ಡಿನ ಹೊದಿಕೆಯ ಮೇಲಿನ ಫೋಟೋದಲ್ಲಿ ಒಂದು ರೈಲು ನಿಲ್ದಾಣ. ಪೆಟ್ಟಿಗೆಗಳ ಮೇಲೆ ಕೂತ, ಒರಗಿ ನಿಂತ ಏಳು ಜನ. ಮಧ್ಯದಲ್ಲಿ ನಿಂತ ಬೋಳುತಲೆಯ ಮನುಷ್ಯನ ಮೊಣಕೈಗೆ ಒಂದು ಕೊಡೆ ತೂಗುತ್ತಿತ್ತು. ಪ್ಲಂಬರ್ ಆ ಕೊಡೆಯನ್ನು ನೋಡಿದ ತಕ್ಷಣ ಗುರುತಿಸಿದ. ಮೂವತ್ತೊಂದು ವರ್ಷಗಳ ಹಿಂದೆ, ಹೋಟೆಲೊಂದರ ಹಿಂಬಾಗಿಲಲ್ಲಿ, ಅದೇ ಕೊಡೆಯ ತುದಿಯನ್ನು ಅವನ ಎದೆಗೆ ಮುಟ್ಟಿಸಿ ಆ ಮನುಷ್ಯ ಹೇಳಿದ್ದ: "ಶುಕ್ರವಾರ ಸಂಜೆ ಆರರ ರೈಲು. ಬಿಳೀ ಕೋಟು ಇದ್ದರೆ ತಗೊಂಡು ಬಾ."

ಆಗ ಅವನಿಗೆ ಇಪ್ಪತ್ತಮೂರು. ಹಗಲು ಪ್ಲಂಬಿಂಗ್ ಮೇಸ್ತ್ರಿಯ ಕೈಕೆಳಗೆ ಕೆಲಸ, ಸಂಜೆ ಹೋಟೆಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್. ಊರೂರು ತಿರುಗುವ ಆ ದೊಡ್ಡ ತಂಡದ ಕ್ಲಾರಿನೆಟ್ಟಿನವನು ಕಾಯಿಲೆ ಬಿದ್ದಿದ್ದ. ಹೋಟೆಲಿನಲ್ಲಿ ಇವನು ಊದಿದ್ದನ್ನು ಕೇಳಿ ತಂಡದ ಮುಖ್ಯಸ್ಥ ಕರೆದಿದ್ದ. ಶುಕ್ರವಾರ ಸಂಜೆ ಇವನು ಕೋಟು ಹಿಡಿದು ನಿಲ್ದಾಣಕ್ಕೆ ಹೋದರೆ ಆರರ ರೈಲು ರದ್ದಾಗಿತ್ತು. ತಂಡ ಬೆಳಗಿನ ರೈಲಿಗೇ ಹೋಗಿದೆ ಎಂದು ಟಿಕೆಟ್ ಕೊಡುವವನು ಹೇಳಿದ. ತಾನು ಬೇಡವೆನಿಸಿ, ಹೇಳಿಯೂ ಕಳಿಸದೆ ಬಿಟ್ಟುಹೋಗಿದ್ದಾರೆ ಎಂದುಕೊಂಡು ಅವನು ಮನೆಗೆ ಬಂದ. ಅವಮಾನ ಎಷ್ಟಿತ್ತೆಂದರೆ ಒಂದು ಕಾಗದವನ್ನೂ ಬರೆಯಲಿಲ್ಲ. ಆರು ತಿಂಗಳು ಕಳೆದ ಮೇಲೆ ಕ್ಲಾರಿನೆಟ್ಟನ್ನು ಯಾರಿಗೋ ಮಾರಿದ.

"ಹಿಂಬದೀಲಿ ಏನೋ ಬರೆದಿದೆ," ಎಂದು ಮೇಷ್ಟ್ರು ಹೊದಿಕೆಯನ್ನು ಇಸಿದುಕೊಂಡು, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು.

"'ಒಂದು ಊರಿನಲ್ಲಿ ನಮಗೊಬ್ಬ ಕ್ಲಾರಿನೆಟ್ ಹುಡುಗ ಸಿಕ್ಕಿದ್ದ, ನಲ್ಲಿ ರಿಪೇರಿ ಕೆಲಸದವನು. ಹೊರಡುವ ದಿನ ಸಂಜೆಯ ರೈಲು ರದ್ದಾಯಿತೆಂದು ತಿಳಿದು ಹನ್ನೊಂದರ ರೈಲಿಗೇ ಹೋಗಬೇಕಾಯಿತು. ಡ್ರಮ್ಮಿನವನನ್ನು ಹುಡುಗನ ಮನೆಗೆ ಓಡಿಸಿದೆ. ತಾಯಿ ಇದ್ದಳು, ಅವಳಿಗೆ ಹೇಳಿ ಬಂದೆ ಎಂದ. ಹುಡುಗ ಬರಲಿಲ್ಲ. ಎರಡು ಊರುಗಳಲ್ಲಿ ಅವನ ಕುರ್ಚಿಯನ್ನು ಖಾಲಿ ಇಟ್ಟುಕೊಂಡೇ ನುಡಿಸಿದೆವು. ಮೂರನೆಯ ಊರಿನಲ್ಲಿ, ಈಗ ನೀವು ಕೇಳಲಿರುವವನು ಸಿಕ್ಕಿದ.' ನಲ್ಲಿ ರಿಪೇರಿಯಂತೆ! ನಿನ್ನ ಕಸುಬಿನವನೇ ಕಣಯ್ಯಾ!"

ಮೇಷ್ಟ್ರು ನಗುತ್ತ ತಲೆ ಎತ್ತಿದರು. ಡಾಕ್ಟರಮ್ಮ ಆಗಲೇ ರೆಕಾರ್ಡನ್ನು ತಿರುಗಿಸುವ ಯಂತ್ರದ ಮೇಲೆ ಇಡುತ್ತಿದ್ದರು. ಯಜಮಾನರಿಗೆ ಮಾತ್ರ ಎದುರಿನ ಕನ್ನಡಿಯಲ್ಲಿ ಪ್ಲಂಬರನ ಮುಖ ಕಂಡಿತು.

"ಹಾಕಬೇಡಿ," ಎಂದ ಪ್ಲಂಬರ್. "ಅಂದ್ರೆ, ನೀವು ಹಾಕ್ಕೊಳ್ಳಿ. ನನಗೆ ಒಂದು ಕಡೆ ಟ್ಯಾಂಕ್ ನೋಡೋದಿದೆ. ಮರೆತೇಹೋಗಿತ್ತು."

ಷಟರಿನ ಕೆಳಗೆ ಬಗ್ಗುವುದನ್ನು ಮರೆತು ಹಣೆ ಬಡಿಸಿಕೊಂಡು ಅವನು ಹೊರಟುಹೋದ. ಅವನು ಅವತ್ತು ಕೊಂಡು ತಂದಿದ್ದ ರೆಕಾರ್ಡು ಚೀಲದೊಳಗೇ ಉಳಿಯಿತು.

ಆ ವಾರದಿಂದ ಅವನು ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡತೊಡಗಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಪಾನಾ, ವಾಷರು, ಎಲ್ಬೋ ಮೊದಲಾದ ನಲ್ಲಿ ಕೆಲಸದ ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ತಾಯಿ ಕೇಳಿದ್ದಕ್ಕೆ ಉತ್ತರವನ್ನು ಹೆಂಡತಿಗೆ ಹೇಳುತ್ತಿದ್ದ.

"ಮಾತ್ರೆ ತಂದ್ಯಾ?" ಎಂದು ಅಜ್ಜಿ ಕೇಳಿದರೆ, "ಕಪಾಟಿನ ಮೇಲಿಟ್ಟಿದೀನಿ ಅಂತ ಹೇಳು," ಎನ್ನುತ್ತಿದ್ದ ಹೆಂಡತಿಯ ಕಡೆ ತಿರುಗಿ. ಮೂರು ಅಡಿ ದೂರದಲ್ಲಿ ಕೂತವಳಿಗೆ ಸೊಸೆ ಏನು ಹೇಳಿಯಾಳು?

"ನನ್ನ ಮಗನಿಗೆ ಬಾಯಲ್ಲಿ ಹುಣ್ಣೇನೇ?" ಎಂದು ಅಜ್ಜಿ ಪುಟ್ಟಿಯನ್ನು ಕೇಳಿದಳು.

"ಹಣೇಲಿ ಇದೆ. ಷಟರಿಗೆ ಬಡ್ಕೊಂಡ್ರಂತೆ."

"ಹಣೆಗೆ ಬಡಿದ್ರೆ ಬಾಯಿ ಯಾಕೆ ಮುಚ್ಚತ್ತೆ?"

ಎಂಟನೆಯ ದಿನ ಬೆಳಿಗ್ಗೆ ಹಿತ್ತಿಲಲ್ಲಿ ಹೆಂಡತಿ ಒದ್ದೆ ಬಟ್ಟೆ ಕೊಡವುತ್ತಿದ್ದಾಗ ಅವನು ಎಲ್ಲವನ್ನೂ ಹೇಳಿದ. ಅವಳು ಕ್ಲಿಪ್ಪುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು. ಅವನು ಬ್ಯಾಂಡಿನಲ್ಲಿದ್ದನೆಂದು ಅವಳಿಗೆ ಗೊತ್ತಿತ್ತು, ರೈಲಿನ ಕಥೆ ಗೊತ್ತಿರಲಿಲ್ಲ.

"ಅತ್ತೆನ ಕೇಳಿದ್ರಾ?"

"ಏನಂತ ಕೇಳಲಿ?"

"ಯಾಕೆ ಹೇಳ್ಲಿಲ್ಲ ಅಂತ."

"ಮೂವತ್ತೊಂದು ವರ್ಷ ಕಣೇ. ಅವರು ನನ್ನನ್ನ ಬೇಡ ಅಂದ್ರು ಅಂತ ಅಂದ್ಕೊಂಡು ಮೂವತ್ತೊಂದು ವರ್ಷ ಬದುಕಿದೆ. ಅವರು ಕುರ್ಚಿ ಖಾಲಿ ಇಟ್ಟಿದ್ರಂತೆ. ಎರಡು ಊರಲ್ಲಿ."

ಅವಳು ಒಂದು ದಿಂಬಿನ ಚೀಲವನ್ನು ತಂತಿಗೆ ಸಿಕ್ಕಿಸಿದಳು. ಆಮೇಲೆ ಸಹಜವಾಗಿ, ಅಷ್ಟೇನೂ ಯೋಚಿಸದೆ ಕೇಳಿದಳು: "ನೀವು ಹೋಗಿಬಿಟ್ಟಿದ್ರೆ ನಾನು ಎಲ್ಲಿರ್ತಿದ್ದೆ?"

ಅವನು ತಕ್ಷಣ ಏನಾದರೂ ಹೇಳಬೇಕಿತ್ತು. ಒಂದು ತಮಾಷೆಯಾದರೂ ಸಾಕಿತ್ತು. ಅವನು ಹಿತ್ತಿಲಿನ ಗೋಡೆಯನ್ನು ನೋಡುತ್ತ ನಿಂತ. ಒಂದು ಅಂಗಿ, ಎರಡು ಟವೆಲು, ಪುಟ್ಟಿಯ ಕೆಲಸದ ಏಪ್ರನ್ ತಂತಿಗೆ ಹೋಗುವವರೆಗೂ ಸುಮ್ಮನೇ ನಿಂತಿದ್ದ.

"ಸರಿ ಬಿಡಿ," ಎಂದು ಅವಳು ಖಾಲಿ ಬಕೆಟ್ಟನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಮಾತು ಇನ್ನೂ ಕಡಿಮೆಯಾಯಿತು. ಮೊದಲು ಅವನು ತಾಯಿಗೆ ಹೇಳುವುದನ್ನು ಹೆಂಡತಿಯ ಮೂಲಕ ಹೇಳುತ್ತಿದ್ದ. ಈಗ ಹೆಂಡತಿ ಅವನಿಗೆ ಹೇಳುವುದನ್ನು ಪುಟ್ಟಿಯ ಮೂಲಕ ಹೇಳತೊಡಗಿದಳು. ಪುಟ್ಟಿಗೆ ರೇಗಿತು.

"ನಾನೇನು ಟೆಲಿಫೋನ್ ಕಂಬಾನಾ? ಒಬ್ಬರಿಗೊಬ್ಬರು ಮಾತಾಡಿ, ಇಲ್ಲಾಂದ್ರೆ ಚೀಟಿ ಬರ್ಕೊಳ್ಳಿ!"

ಮಾತು ಹೊರಗೆ ಬಂದದ್ದು ಅದರ ಮುಂದಿನ ಭಾನುವಾರ ಮಧ್ಯಾಹ್ನ. ಅಂದು ಎಲ್ಲರಿಗೂ ರಜೆ. ಒಂಟಿಯಾಗಿ ನಿಂತು ತಿನ್ನಲು ನೆಪವಿಲ್ಲದೆ ಅವನೂ ಮೇಜಿಗೆ ಬಂದು ಕೂತಿದ್ದ. ಬೇಯಿಸಿದ ಬೀನ್ಸು, ಬ್ರೆಡ್ಡು, ತಲೆಗೊಂದು ಮೊಟ್ಟೆ. ಅಜ್ಜಿ ತನ್ನ ತಟ್ಟೆಯ ಮೊಟ್ಟೆಯನ್ನು, ಎಂದಿನಂತೆ, ಅರ್ಧ ಮಾಡಿ ಮಗನ ತಟ್ಟೆಗೆ ಸರಿಸಿದಳು. ಅವನು ಅದನ್ನು ಚಮಚದಲ್ಲಿ ಎತ್ತಿ ಅವಳ ತಟ್ಟೆಗೇ ವಾಪಸು ಇಟ್ಟ.

"ನಾನು ಏನು ಮಾಡಿದೆ ಅಂತಾದ್ರೂ ಹೇಳು," ಎಂದಳು ಅಜ್ಜಿ.

"ಆ ಶುಕ್ರವಾರ ಮನೆಗೆ ಯಾರು ಬಂದಿದ್ರು?"

ಯಾವ ಶುಕ್ರವಾರ ಎಂದು ಅವಳು ಕೇಳುತ್ತಾಳೆಂದು ಸೊಸೆ ಕಾದಳು. ಅಜ್ಜಿ ಹಾಗೆ ಕೇಳಲಿಲ್ಲ. ಚಮಚವನ್ನು ಕೆಳಗಿಟ್ಟಳು.

"ಒಬ್ಬ ದಪ್ಪನೆಯವನು. ಓಡಿ ಬಂದಿದ್ದ, ಬೆವರು ಸುರೀತಿತ್ತು. ಎರಡು ಲೋಟ ನೀರು ಕುಡಿದ. ಹನ್ನೊಂದಕ್ಕೇ ರೈಲು, ಬೇಗ ಕಳಿಸಿ ಅಂದ."

"ಆಗ ಗಂಟೆ ಎಷ್ಟು?"

"ಒಂಬತ್ತು."

"ನಾನು ಮೇಸ್ತ್ರಿ ಮನೇಲಿದ್ದೆ. ಎರಡು ಬೀದಿ ಆಚೆ. ಗೊತ್ತಿತ್ತಲ್ಲ ನಿನಗೆ?"

"ಗೊತ್ತಿತ್ತು."

"ಮತ್ತೆ?"

"ಸುಮ್ಮನಿದ್ದೆ."

"ಮರೆತೆ ಅಂತಾದ್ರೂ ಹೇಳಬಾರದೇನಮ್ಮ?"

"ಮರೆತಿದ್ರೆ ಹೇಳ್ತಿದ್ದೆ. ಮರೀಲಿಲ್ಲ." ಅಜ್ಜಿಯ ದನಿ ಏರಲಿಲ್ಲ. "ನಿಮ್ಮಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ಹನ್ನೊಂದು ಹೊಡೀತು. ರೈಲು ಕೂಗಿದ್ದು ಇಲ್ಲೀ ತನಕ ಕೇಳಿಸ್ತು. ನೀನು ಮಧ್ಯಾಹ್ನ ಬಂದೆ, ಕೋಟು ಕೊಡಮ್ಮ ಅಂದೆ. ಇಸ್ತ್ರಿ ಮಾಡಿ ಕೊಟ್ಟೆ."

ಪುಟ್ಟಿ ಬ್ರೆಡ್ಡನ್ನು ಕೈಯಲ್ಲೇ ಹಿಡಿದು ಕೂತಿದ್ದಳು.

"ರೈಲು ಹೋಗಿದೆ ಅಂತ ಗೊತ್ತಿದ್ದೂ ಇಸ್ತ್ರಿ ಮಾಡಿದ್ಯಾ?" ಎಂದ ಅವನು.

"ಕಾಲರಿಗೆ ಗಂಜಿ ಹಾಕಿ. ತೋಳು ಎರಡು ಸಲ ಮಾಡಿದೆ. ನೀನು ಹೊರಟೆ, ಬಾಗಿಲಲ್ಲಿ ನಿಂತು ಕೈ ಬೀಸಿದೆ. ಆಮೇಲೆ ನೀನು ಬಂದು ಊಟ ಮಾಡ್ತೀಯ ಅಂತ ಎರಡು ಮೊಟ್ಟೆ ಬೇಯಿಸಿಟ್ಟೆ."

ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತಿ ಸರಿಯಾಗಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹೋಗುವ ಮೊದಲು ಬಾಗಿಲಲ್ಲಿ ಹೇಳಿದ: "ಅದೆಲ್ಲ ಈಗ ರೆಕಾರ್ಡಿನ ಹಿಂದೆ ಅಚ್ಚಾಗಿದೆ. ಡಾಕ್ಟರಮ್ಮನ ಹತ್ರ ಇದೆ. ಜನ ಓದ್ತಿದಾರೆ, ತಾಯಿಗೆ ಹೇಳಿ ಬಂದ್ವಿ, ಹುಡುಗ ಬರಲಿಲ್ಲ ಅಂತ."

ಅಜ್ಜಿ ಬಹಳ ಹೊತ್ತು ಮೇಜಿನಲ್ಲೇ ಇದ್ದಳು. ಸೊಸೆ ತಟ್ಟೆಗಳನ್ನು ತೆಗೆದು ತೊಳೆಯಲು ನಿಂತಾಗ ಹಿಂದಿನಿಂದ ಕೇಳಿದಳು: "ನಿನಗೂ ನನ್ನ ಮೇಲೆ ಸಿಟ್ಟೇನೇ?"

"ನನಗೆ ಯಾಕೆ ಅತ್ತೆ? ನೀವು ಬಾಯಿ ಬಿಟ್ಟಿದ್ರೆ ನಾನು ಈ ಮನೇಲಿ ಇರ್ತಿರಲಿಲ್ಲ." ನಲ್ಲಿಯನ್ನು ಜೋರಾಗಿ ಬಿಟ್ಟಳು. "ಅದೇ ಕಷ್ಟ. ಸಿಟ್ಟು ಮಾಡ್ಕೊಳ್ಳೋಕೂ ಆಗ್ತಿಲ್ಲ."

ಆ ರೆಕಾರ್ಡು ಬಂದ ದಿನದಿಂದ ಅವನು ಯಾವ ಸೋಮವಾರವೂ ಕಟಿಂಗ್ ಶಾಪಿಗೆ ಹೋಗಿರಲಿಲ್ಲ, ಈಗಲೂ ಹೋಗಲಿಲ್ಲ. ತಾನು ರೆಕಾರ್ಡು ಕೊಳ್ಳುತ್ತಿದ್ದ ಹಳೇ ಸಾಮಾನಿನ ಅಂಗಡಿಯ ಮುಂದಿನಿಂದ ಹೋಗುವ ಬದಲು ಸುತ್ತಿ ಬಳಸಿ ಮನೆಗೆ ಬರುತ್ತಿದ್ದ. ಒಂದು ದೊಡ್ಡ ಕಟ್ಟಡದ ಪೈಪ್ ಕೆಲಸ ಹಿಡಿದಿದ್ದ. ಐದನೆಯ ಮಹಡಿಯಲ್ಲಿ, ಇನ್ನೂ ಬಾಗಿಲಿಲ್ಲದ ಬಚ್ಚಲುಮನೆಗಳಲ್ಲಿ, ಒಬ್ಬನೇ ಕೂತು ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದ. ಅಲ್ಲಿಂದ ರೈಲಿನ ಹಳಿ ಕಾಣುತ್ತಿತ್ತು. ಆ ಹುಡುಗ, ಅವನ ಬದಲು ಹೋದವನು, ಹೇಗೆ ಊದಿದ್ದಾನೋ ಎಂದು ಅವನಿಗೆ ಕೇಳಬೇಕೆನಿಸುತ್ತಿತ್ತು. ಕೇಳುವುದಕ್ಕೆ ಭಯವೂ ಆಗುತ್ತಿತ್ತು. ಕೆಟ್ಟದಾಗಿ ಊದಿದ್ದರೆ, ಅಯ್ಯೋ ಇವನಿಗಾಗಿ ನನ್ನ ಜಾಗ ಹೋಯಿತಲ್ಲ ಎನಿಸುತ್ತದೆ. ಚೆನ್ನಾಗಿ ಊದಿದ್ದರೆ?

ಒಂದು ಸಂಜೆ ಹೆಂಡತಿ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನು ಬಂದು ಪಕ್ಕದಲ್ಲಿ ಕೂತು, ಒಂದು ಹಿಡಿ ತೆಗೆದುಕೊಂಡು ತಾನೂ ಸುಲಿಯತೊಡಗಿದ.

"ಅವತ್ತು ನೀನು ಕೇಳಿದ್ದಕ್ಕೆ," ಎಂದ, "ಹೋಗಿದ್ರೂ ನಾನು ವಾಪಸ್ ಬರ್ತಿದ್ದೆ."

"ಸುಳ್ಳು ಹೇಳಬೇಡಿ. ಹಾಗೆ ಹೋದೋರು ಯಾರೂ ವಾಪಸ್ ಬರಲ್ಲ."

ಅವನು ಇನ್ನೊಂದು ಹಿಡಿ ಬಟಾಣಿ ತೆಗೆದುಕೊಂಡ.

"ನನಗೂ ಒಂದಿತ್ತು ರೀ. ನರ್ಸ್ ಆಗಬೇಕು ಅಂತ. ಬಿಳೀ ಬಟ್ಟೆ, ಕೈಗಡಿಯಾರ ಇಲ್ಲಿ ಎದೆ ಮೇಲೆ ತಲೆಕೆಳಗಾಗಿ ಚುಚ್ಚಿಕೊಂಡು. ನಮ್ಮನೆಗೆ ಯಾರೂ ಓಡಿ ಬರಲಿಲ್ಲ, ಯಾರೂ ಮುಚ್ಚಿಡಲೂ ಇಲ್ಲ. ಸುಮ್ಮನೆ ಆಗಲಿಲ್ಲ, ಅಷ್ಟೇ. ನಿಮಗೆ ಬೈಯೋಕಾದ್ರೂ ಅಮ್ಮ ಇದಾರೆ. ನಾನು ಯಾರನ್ನ ಬೈಯಲಿ?"

"ನೀನು ಯಾವತ್ತೂ ಹೇಳಲಿಲ್ಲ."

"ನೀವು ರೈಲಿನ ಕಥೆ ಹೇಳಿದ್ರಾ?" ಅವಳು ಅವನ ಮಡಿಲಿನಿಂದ ಸಿಪ್ಪೆಗಳನ್ನು ಗುಡಿಸಿ ಬುಟ್ಟಿಗೆ ಹಾಕಿದಳು. "ಕಾಳನ್ನ ಕಸದ ಕಡೆ, ಸಿಪ್ಪೇನ ಪಾತ್ರೆಗೆ ಹಾಕ್ತಿದೀರ. ಏಳಿ, ಹಾಲು ತಗೊಂಡು ಬನ್ನಿ."

ಅವನು ಹಾಲು ತಂದ. ಅಂದಿನಿಂದ ಪುಟ್ಟಿಯ ಕಂಬದ ಕೆಲಸ ಅರ್ಧ ಕಡಿಮೆಯಾಯಿತು. ಆದರೆ ತಾಯಿಯೊಂದಿಗೆ ಅವನು ಮಾತಾಡಲಿಲ್ಲ. ಮಾತ್ರೆ ತರುತ್ತಿದ್ದ, ಅವಳ ಬಚ್ಚಲಿಗೆ ಜಾರದ ಹಾಗೆ ಹಿಡಿಕೆ ಹಾಕಿದ, ಮಾತು ಮಾತ್ರ ಇಲ್ಲ.

ಹೀಗಿರುವಾಗ ಅಜ್ಜಿಗೆ ಹಲ್ಲುನೋವು ಬಂತು.

"ನಿನಗೆ ಇರೋದೇ ನಾಲ್ಕು ಹಲ್ಲು ಅಜ್ಜಿ," ಎಂದಳು ಪುಟ್ಟಿ. "ಯಾವುದು ನೋಯ್ತಿದೆ?"

"ನಾಲ್ಕೂ. ಡಾಕ್ಟರ ಹತ್ರ ಕರ್ಕೊಂಡು ಹೋಗು. ಹೆಣ್ಣು ಡಾಕ್ಟರೇ ಆಗಬೇಕು. ನಿಮ್ಮಪ್ಪನ ಸ್ನೇಹಿತೆ ಇದಾರಲ್ಲ, ಅವರೇ."

ಪುಟ್ಟಿ ಒಮ್ಮೆ ಅಜ್ಜಿಯ ಮುಖ ನೋಡಿದಳು. ಮತ್ತೆ ಏನೂ ಕೇಳದೆ ಶನಿವಾರ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದಳು. ಡಾಕ್ಟರಮ್ಮ ಅಜ್ಜಿಯನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಬಾಯಿಗೆ ಹಿಡಿದು, "ನೋವು ಎಲ್ಲಿದೆ ತೋರಿಸಿ," ಎಂದರು.

"ಹಲ್ಲಲ್ಲಿಲ್ಲ," ಎಂದಳು ಅಜ್ಜಿ, ದೀಪವನ್ನು ಕೈಯಿಂದ ಆಚೆ ತಳ್ಳಿ. "ನಿಮ್ಮ ಹತ್ರ ಒಂದು ತಟ್ಟೆ ಇದೆಯಂತೆ. ನಾನು ಅದನ್ನ ಕೇಳಬೇಕು. ನನ್ನ ಮಗನೂ ಇರಬೇಕು. ನಾನು ಕರೆದ್ರೆ ಅವನು ಬರಲ್ಲ."

ಡಾಕ್ಟರಮ್ಮನಿಗೆ ವಿಷಯವೆಲ್ಲ ತಿಳಿದದ್ದು ಆಗಲೇ. ಹೊರಗೆ ಕಾಯುತ್ತಿದ್ದವರು ಅರ್ಧ ಗಂಟೆ ಹೆಚ್ಚು ಕಾದರು. ಅಜ್ಜಿಯ ಹಲ್ಲು ಕಿತ್ತಿರಬೇಕು ಎಂದುಕೊಂಡರು.

ಸೋಮವಾರ ನಾಲ್ಕೂವರೆಗೆ ಕಟಿಂಗ್ ಶಾಪಿನ ಯಜಮಾನರು ಪ್ಲಂಬರಿಗೆ ಫೋನ್ ಮಾಡಿದರು.

"ಬೇಸಿನ್ ಸೋರ್ತಿದೆ ಕಣಯ್ಯಾ. ನೆಲವೆಲ್ಲ ನೀರು."

"ಇವತ್ತು ಆಗಲ್ಲ ಯಜಮಾನ್ರೇ."

"ಆಗಲ್ಲ ಅಂದ್ರೆ ಬೇರೆ ಪ್ಲಂಬರಿಗೆ ಹೇಳ್ತೀನಿ."

ಈ ಮಾತು ನಾಟಿತು. ಇಪ್ಪತ್ತು ನಿಮಿಷದಲ್ಲಿ ಅವನು ಚೀಲ ಹೊತ್ತು ಷಟರಿನ ಕೆಳಗೆ ಬಗ್ಗಿ ಬಂದ. ಬಗ್ಗಿದವನು ನೆಟ್ಟಗಾಗುವಾಗ ಮೂರು ಕನ್ನಡಿಗಳಲ್ಲೂ ತಾಯಿ ಕಂಡಳು. ಮಧ್ಯದ ಕುರ್ಚಿಯಲ್ಲಿ ಕೂತಿದ್ದಳು. ಕಾಲು ಕೆಳಗಿನ ಹಲಗೆಗೆ ಎಟುಕುತ್ತಿರಲಿಲ್ಲ. ಪಕ್ಕದಲ್ಲಿ ಪುಟ್ಟಿ, ಬೆಂಚಿನ ಮೇಲೆ ಮೇಷ್ಟ್ರು, ಯಂತ್ರದ ಬಳಿ ಡಾಕ್ಟರಮ್ಮ.

"ಬೇಸಿನ್ ನಿಜವಾಗ್ಲೂ ಸೋರ್ತಿದೆ," ಎಂದರು ಯಜಮಾನರು ಅವಸರವಾಗಿ. "ಅದು ಸುಳ್ಳಲ್ಲ."

ಅವನು ಯಾರ ಕಡೆಗೂ ನೋಡದೆ ಬೇಸಿನ್ನಿನ ಕೆಳಗೆ ಕೂತ. ವಾಷರು ಸವೆದಿತ್ತು. ಹೊಸದು ಹಾಕಿ, ಪಾನಾದಿಂದ ಬಿಗಿದು, ನೀರು ಬಿಟ್ಟು ನೋಡಿ, ಕೈ ಒರೆಸಿಕೊಂಡ. ಅವನು ಚೀಲ ಎತ್ತಿಕೊಂಡಾಗ ತಾಯಿ ಹೇಳಿದಳು:

"ಕೂತ್ಕೋ."

"ಕೆಲಸ ಇದೆ," ಎಂದ. ಆ ಭಾನುವಾರದ ನಂತರ ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ನಾನು ಮೂರು ಬೀದಿ ನಡ್ಕೊಂಡು ಬಂದಿದೀನಿ. ಹತ್ತು ನಿಮಿಷ ಕೂತ್ಕೋ."

ಅವನು ಕೂರಲಿಲ್ಲ, ಹೋಗಲೂ ಇಲ್ಲ. ಗೋಡೆಗೆ ಒರಗಿ ನಿಂತ. ಡಾಕ್ಟರಮ್ಮ ಅವನನ್ನೇ ನೋಡಿದರು. ಅವನು ಹೂಂ ಎಂದು ತಲೆಯಾಡಿಸಿದ ಮೇಲೆ ಸೂಜಿ ಇಳಿಸಿದರು.

ಮೊದಲು ಡ್ರಮ್ಮು, ಆಮೇಲೆ ಟ್ರಂಪೆಟ್ಟು. ಒಂದೊಂದಾಗಿ ಎಲ್ಲವೂ ಸೇರಿಕೊಂಡವು. ಅಜ್ಜಿ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಬಾಗಿ ಕೂತಳು. ಇಷ್ಟು ವರ್ಷ ಇಂಥವೇ ನಾನೂರು ತಟ್ಟೆಗಳ ಮೇಲೆ ಮಲಗಿದ್ದರೂ ಒಂದನ್ನೂ ಅವಳು ಕೂತು ಕೇಳಿರಲಿಲ್ಲ.

"ಇದರಲ್ಲಿ ನಿನ್ನದು ಯಾವುದು?" ಎಂದಳು.

"ಇನ್ನೂ ಬಂದಿಲ್ಲ."

"ಬಂದಾಗ ಹೇಳು."

ಟ್ರಂಪೆಟ್ ಹಿಂದೆ ಸರಿಯಿತು. ಕ್ಲಾರಿನೆಟ್ ತಗ್ಗಿನಿಂದ ಎದ್ದು, ಎರಡು ಹೆಜ್ಜೆ ಹತ್ತಿ, ನಿಂತು, ಮತ್ತೆ ಹತ್ತಿತು.

"ಇದು," ಎಂದ ಅವನು.

ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಆ ಬದಿ ಮುಗಿದು ಸೂಜಿ ಸರಸರ ಎನ್ನತೊಡಗಿದಾಗ ಅಜ್ಜಿಯೇ ಮೊದಲು ಮಾತಾಡಿದಳು.

"ನೀನಾಗಿದ್ರೆ ಇದಕ್ಕಿಂತ ಚೆನ್ನಾಗಿ ಊದ್ತಿದ್ದೆ."

"ಇಲ್ಲಮ್ಮ."

"ನನಗೆ ಗೊತ್ತು. ಹಿತ್ತಿಲಲ್ಲಿ ಕೂತು ಊದ್ತಿದ್ದೆಯಲ್ಲ, ನಾನು ಕೇಳಿಲ್ವಾ?"

"ಇಲ್ಲ," ಎಂದ ಅವನು ಮತ್ತೆ. "ಇವನು ಬಹಳ ಚೆನ್ನಾಗಿ ಊದಿದಾನೆ. ಒಂದು ಜಾಗ ಇದೆ, ಮೇಲಕ್ಕೆ ಹೋಗ್ತಾ. ನಾನಾಗಿದ್ರೆ ಅಲ್ಲಿ ಉಸಿರು ತಗೋತಿದ್ದೆ. ತಗೊಳ್ಳದೆ ನನಗೆ ಆಗ್ತಿರಲಿಲ್ಲ. ಇವನು ತಗೊಳ್ಳಲ್ಲ, ಹಾಗೇ ದಾಟಿಬಿಡ್ತಾನೆ."

ಅಜ್ಜಿ ಹೊದಿಕೆಯನ್ನು ಕೇಳಿ ಇಸಿದುಕೊಂಡಳು. ಪುಟ್ಟಿ ಬೆರಳಿಟ್ಟು ತೋರಿಸಿದ ಕಡೆ ತೆಳ್ಳಗಿನ ಹುಡುಗನೊಬ್ಬ ಪೆಟ್ಟಿಗೆಯ ಮೇಲೆ ಕೂತು ನಗುತ್ತಿದ್ದ. ಅವಳು ಅವನ ಕೋಟನ್ನು ನೋಡಿದಳು. ಆಮೇಲೆ ಮುಖವನ್ನು ನೋಡಿದಳು.

"ಇವನಿಗೂ ಒಬ್ಬ ತಾಯಿ ಇದ್ದಿರಬೇಕು," ಎಂದಳು.

"ಇದ್ದಿರಬೇಕು."

"ಕಳಿಸಿಕೊಟ್ಟಳು."

ಪ್ಲಂಬರ್ ಗೋಡೆ ಬಿಟ್ಟು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಕಾಲಿನಿಂದ ಹಲಗೆಯನ್ನು ಎಳೆದು ಅವಳ ಪಾದದ ಕೆಳಗೆ ಬರುವ ಹಾಗೆ ಸರಿಮಾಡಿದ.

"ಇನ್ನೊಂದು ಸಲ ಹಾಕಿ," ಎಂದಳು ಅಜ್ಜಿ. "ಆ ಜಾಗ ಬಂದಾಗ ತೋರಿಸು."

ಡಾಕ್ಟರಮ್ಮ ಸೂಜಿಯನ್ನು ಮತ್ತೆ ಮೊದಲಿಗಿಟ್ಟರು. ಈ ಸಲ ಅಜ್ಜಿ ಯಂತ್ರದ ಕಡೆ ನೋಡಲಿಲ್ಲ, ಮಗನ ಮುಖವನ್ನೇ ನೋಡುತ್ತ ಕೂತಳು. ಕ್ಲಾರಿನೆಟ್ ಎದ್ದು, ನಿಂತು, ಮತ್ತೆ ಹತ್ತತೊಡಗಿದಾಗ ಅವನು ಮೆಲ್ಲಗೆ ಬೆರಳೆತ್ತಿದ. ಹುಡುಗ ಅಲ್ಲಿ ನಿಲ್ಲದೆ ದಾಟಿಹೋದ. ಅಜ್ಜಿ ಆ ಜಾಗದಲ್ಲಿ, ಮಗನ ಜೊತೆಗೇ, ಬಾಯಿ ತೆರೆದು ಒಂದು ಉಸಿರು ಎಳೆದುಕೊಂಡಳು.